ಬೆಳಗಿನ ಬೆನ್ನು ಬೇರೆ, ಸಂಜೆಯ ಬೆನ್ನು ಬೇರೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನ ಮಾನ ಹೋದ ಒಂದು ಕತೆ ಹೇಳಿಬಿಡುತ್ತೇನೆ. ನಾನು ಫಿಸಿಯೋಥೆರಪಿಸ್ಟ್. ಬೇರೆಯವರ ಬೆನ್ನು ನೋಡುವುದೇ ನನ್ನ ಕೆಲಸ. ಭಾರ ಎತ್ತುವಾಗ ಮಂಡಿ ಬಗ್ಗಿಸಿ, ಸಾಮಾನನ್ನು ಮೈಗೆ ಹತ್ತಿರ ಹಿಡಿಯಿರಿ ಅಂತ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾವು ಮನೆ ಬದಲಿಸಿದೆವು. ಇಡೀ ದಿನ ಪುಸ್ತಕದ ಪೆಟ್ಟಿಗೆ ಎತ್ತಿದೆ, ಕಪಾಟು ತಳ್ಳಿದೆ, ಮಂಚ ಬಿಚ್ಚಿ ಜೋಡಿಸಿದೆ. ಬೆನ್ನಿಗೆ ಏನೂ ಆಗಲಿಲ್ಲ. ಒಳಗೊಳಗೇ ಸ್ವಲ್ಪ ಜಂಬ ಕೂಡ ಬಂತು.

ಮರುದಿನ ಬೆಳಿಗ್ಗೆ ಎದ್ದೆ. ಮಂಚದ ಅಂಚಿನಲ್ಲಿ ಕೂತೆ. ಸಾಕ್ಸ್ ಹಾಕಲು ಬಾಗಿದೆ. ಬಲಗಾಲಿಗೆ ಹಾಕಿ ಆಯ್ತು. ಎಡಗಾಲಿನ ಬೆರಳಿಗೆ ಸಾಕ್ಸ್ ತಗುಲಿಸಿದೆ ನೋಡಿ, ಸೊಂಟದಲ್ಲಿ ಯಾರೋ ಚಾಕು ಹಾಕಿದ ಹಾಗಾಯಿತು. ಮೇಲಕ್ಕೆ ಏಳಲಾಗದು, ಕೆಳಕ್ಕೆ ಇಳಿಯಲಾಗದು. ಹಾಗೇ ಪಕ್ಕಕ್ಕೆ ಹಾಸಿಗೆಯ ಮೇಲೆ ಉರುಳಿದೆ. ಒಂದು ಕಾಲಲ್ಲಿ ಸಾಕ್ಸ್, ಇನ್ನೊಂದರಲ್ಲಿ ಅರ್ಧ ಸಾಕ್ಸ್. ಹತ್ತು ಗಂಟೆಗೆ ಬರಬೇಕಿದ್ದ ರೋಗಿಗೆ ನಾನೇ ಫೋನ್ ಮಾಡಿ, ನನಗೆ ಸೊಂಟ ಹಿಡಿದಿದೆ, ಇವತ್ತು ಆಗಲ್ಲ ಅಂದೆ. ಅವರು ನಗು ತಡೆದುಕೊಂಡದ್ದು ಫೋನಿನಲ್ಲೂ ಗೊತ್ತಾಗುತ್ತಿತ್ತು.

ಮಲಗಿಕೊಂಡು ಯೋಚಿಸಿದೆ. ನಿನ್ನೆ ಅಷ್ಟು ಪೆಟ್ಟಿಗೆ ಹೊತ್ತ ಬೆನ್ನು, ಇವತ್ತು ಒಂದು ಸಾಕ್ಸ್‌ಗೆ ಸೋತದ್ದು ಯಾಕೆ? ಪೆಟ್ಟಿಗೆ ಎತ್ತಿ ಬೆನ್ನು ದಣಿದಿತ್ತು, ಅದು ನಿಜ. ಆದರೆ ಅಷ್ಟೇ ಅಲ್ಲ. ನಾನು ಬಾಗಿದ ಹೊತ್ತು ಕೂಡ ಸರಿಯಿರಲಿಲ್ಲ. ಇವತ್ತು ಮಾತಾಡುವುದು ಆ ಹೊತ್ತಿನ ಬಗ್ಗೆ.

ರಾತ್ರಿ ಬೆನ್ನೊಳಗೆ ನಡೆಯುವುದು

ಬೆನ್ನುಮೂಳೆ ಅಂದರೆ ಸಣ್ಣ ಸಣ್ಣ ಮೂಳೆಗಳನ್ನು ಒಂದರ ಮೇಲೊಂದು ಪೇರಿಸಿದ ಕಂಬ. ಮೂಳೆ ಮೂಳೆಯ ನಡುವೆ ಮೆತ್ತೆಯ ಹಾಗೆ ಕೂತಿರುವುದೇ ಡಿಸ್ಕ್. ಒಟ್ಟು 23 ಇವೆ. ಪ್ರತಿಯೊಂದರ ಹೊರಗೆ ನಾರುನಾರಾದ ಗಟ್ಟಿ ಉಂಗುರ, ಒಳಗೆ ಲೋಳೆಯಂಥ ತಿರುಳು. ಎಳೆ ವಯಸ್ಸಿನಲ್ಲಿ ಆ ತಿರುಳಿನ ನೂರಕ್ಕೆ 80 ಪಾಲಿಗೂ ಹೆಚ್ಚು ಬರೀ ನೀರು. ವಯಸ್ಸಾದಂತೆ ನೀರು ಕಡಿಮೆಯಾಗುತ್ತಾ ಹೋಗುತ್ತದೆ.

ಈ ಡಿಸ್ಕ್‌ಗೆ ಒಂದು ವಿಚಿತ್ರ ಗುಣ ಇದೆ. ದೊಡ್ಡವರಲ್ಲಿ ಅದರ ಒಳಕ್ಕೆ ರಕ್ತನಾಳ ಹೋಗುವುದಿಲ್ಲ. ಅದಕ್ಕೆ ಬೇಕಾದ ಆಹಾರ ಮೇಲಿನ ಮತ್ತು ಕೆಳಗಿನ ಮೂಳೆಯಿಂದ ಮೆಲ್ಲಗೆ ಇಂಗಬೇಕು. ಹಗಲು ನಾವು ನಿಲ್ಲುತ್ತೇವೆ, ಕೂರುತ್ತೇವೆ, ನಡೆಯುತ್ತೇವೆ. ಮೈಭಾರ ಬಿದ್ದು ಡಿಸ್ಕ್‌ನಿಂದ ಸ್ವಲ್ಪ ಸ್ವಲ್ಪವೇ ನೀರು ಹೊರಗೆ ಹೋಗುತ್ತದೆ. ರಾತ್ರಿ ಮಲಗಿದಾಗ ಭಾರ ಇಳಿಯುತ್ತದೆ. ಆಗ ಡಿಸ್ಕ್ ಮತ್ತೆ ನೀರು ಹೀರಿ ಉಬ್ಬುತ್ತದೆ. ಹಿಂಡಿದ ಸ್ಪಂಜನ್ನು ನೀರಲ್ಲಿ ಬಿಟ್ಟ ಹಾಗೆ.

ಇದನ್ನು ನಂಬದವರು ಮನೆಯಲ್ಲೇ ನೋಡಬಹುದು. ಬೆಳಿಗ್ಗೆ ಎದ್ದ ತಕ್ಷಣ ಗೋಡೆಗೆ ಒರಗಿ ನಿಂತು ತಲೆಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿಸಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಇನ್ನೊಂದು ಗೆರೆ. ಎರಡರ ನಡುವೆ ಒಂದರಿಂದ ಎರಡು ಸೆಂಟಿಮೀಟರ್ ವ್ಯತ್ಯಾಸ ಸಿಗುತ್ತದೆ. ಅಂದರೆ ಬೆಳಿಗ್ಗೆ ನಾವೆಲ್ಲ ಸ್ವಲ್ಪ ಎತ್ತರದ ಮನುಷ್ಯರೇ. ಮಜಾ ಏನೆಂದರೆ, ಈ ಎತ್ತರದಲ್ಲಿ ಸುಮಾರು ಅರ್ಧ, ಎದ್ದ ಮೊದಲ ಗಂಟೆಯಲ್ಲೇ ಇಳಿದುಹೋಗುತ್ತದೆ. ಉಳಿದದ್ದು ದಿನವಿಡೀ ನಿಧಾನಕ್ಕೆ ಇಳಿಯುತ್ತದೆ. ಈ ಮೊದಲ ಗಂಟೆಯನ್ನು ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

ಬಾಹ್ಯಾಕಾಶಕ್ಕೆ ಹೋದವರಿಗೆ ಇದು ಇನ್ನೂ ಜೋರು. ಅಲ್ಲಿ ಮೈಭಾರವೇ ಇಲ್ಲ. ಹಗಲು ರಾತ್ರಿ ಎರಡೂ ಮಲಗಿದ ಹಾಗೆಯೇ. ಕೆಲವರು ಶೇಕಡಾ 3ರಷ್ಟು ಉದ್ದ ಆಗುತ್ತಾರೆ. ಮೊದಲ ಕೆಲವು ದಿನ ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಸೊಂಟನೋವು ಬರುತ್ತದೆ. ಎತ್ತುವುದಕ್ಕೆ ಭಾರವೇ ಇಲ್ಲದ ಜಾಗದಲ್ಲಿ ಸೊಂಟನೋವು!

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಇದು 1999ರಲ್ಲಿ ಪ್ರಕಟವಾಯಿತು. ಒಬ್ಬ ಸ್ವಯಂಸೇವಕ ತನ್ನ ಸೊಂಟದ ಡಿಸ್ಕ್ ಒಳಗೇ ಒತ್ತಡ ಅಳೆಯುವ ಸಣ್ಣ ಸಾಧನ ಹಾಕಿಸಿಕೊಂಡು ಸುಮಾರು ಒಂದು ದಿನ ಇದ್ದ. ನಿಂತ, ಕೂತ, ಭಾರ ಎತ್ತಿದ, ಮಲಗಿ ನಿದ್ದೆಯನ್ನೂ ಮಾಡಿದ. ಸುಮ್ನೆ ನಿಂತಾಗ ಒತ್ತಡ 0.5 ಮೆಗಾಪ್ಯಾಸ್ಕಲ್. ಮಲಗಿದ ಕೂಡಲೇ 0.1. ಏಳು ಗಂಟೆ ಮಲಗಿದ ಮೇಲೆ ಅದು 0.24ಕ್ಕೆ ಏರಿತ್ತು. ಆತ ಏನೂ ಮಾಡಿರಲಿಲ್ಲ, ಮಲಗಿದ್ದ ಅಷ್ಟೇ. ಒತ್ತಡ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು. ಡಿಸ್ಕ್ ನೀರು ಕುಡಿಯುತ್ತಿತ್ತು.

ಈಗ ಸಾಕ್ಸ್‌ಗೆ ಬರೋಣ. ಒಂದು ಪ್ಲಾಸ್ಟಿಕ್ ಚೀಲಕ್ಕೆ ಅರ್ಧ ನೀರು ಹಾಕಿ ಕಟ್ಟಿ. ಹೇಗೆ ಬೇಕಾದರೂ ಮಡಚಬಹುದು. ಅದೇ ಚೀಲಕ್ಕೆ ಕಂಠಮಟ್ಟ ನೀರು ತುಂಬಿ ಕಟ್ಟಿ ಮಡಚಲು ಹೋಗಿ. ಮಡಚುವುದಿಲ್ಲ, ಹೊರಗಿನ ಪ್ಲಾಸ್ಟಿಕ್ ಎಳೆದುಕೊಳ್ಳುತ್ತದೆ. ಬೆಳಗಿನ ಡಿಸ್ಕ್ ಕಂಠಮಟ್ಟ ತುಂಬಿದ ಚೀಲ. 1987ರಲ್ಲಿ ಬಂದ ಒಂದು ಅಧ್ಯಯನ ಇದನ್ನು ಲೆಕ್ಕ ಹಾಕಿತು. ಮುಂದಕ್ಕೆ ಬಾಗಿದಾಗ ಡಿಸ್ಕ್ ಮೇಲೆ ಬೀಳುವ ಎಳೆತ, ದಿನದ ಉಳಿದ ಹೊತ್ತಿಗಿಂತ ಬೆಳಿಗ್ಗೆ ಸುಮಾರು ಶೇಕಡಾ 300ರಷ್ಟು ಜಾಸ್ತಿ. ಮೂಳೆಗಳನ್ನು ಕಟ್ಟಿ ಹಿಡಿದ ನಾರುಗಳ ಮೇಲೆ ಶೇಕಡಾ 80ರಷ್ಟು ಜಾಸ್ತಿ.

ಸಾಕ್ಸ್‌ನ ತೂಕ ಲೆಕ್ಕಕ್ಕೇ ಬರಲ್ಲ. ನಾನು ಪೂರ್ತಿ ಮಡಚಿಕೊಂಡಿದ್ದೇ ತಪ್ಪು, ಅದೂ ಎದ್ದು ಐದು ನಿಮಿಷ ಆಗುವ ಮುಂಚೆ.

ನೀರಷ್ಟೇ ಅಲ್ಲ

ಬೆಳಗಿನ ನೋವೆಲ್ಲ ಡಿಸ್ಕ್‌ನದೇ ಅಂದುಕೊಳ್ಳಬೇಡಿ. ಬೆನ್ನಿನ ಹಿಂಭಾಗದಲ್ಲಿ ಸಣ್ಣ ಸಣ್ಣ ಕೀಲುಗಳಿವೆ. ನಡುವಯಸ್ಸು ದಾಟಿದ ಮೇಲೆ ಅವೂ ಸವೆಯುತ್ತವೆ. ರಾತ್ರಿಯಿಡೀ ಅಲ್ಲಾಡದೆ ಇದ್ದರೆ ಸೆಟೆದುಕೊಳ್ಳುತ್ತವೆ. ಸಿನಿಮಾ ನೋಡಿ ಎದ್ದಾಗ ಮಂಡಿ ಹಿಡಿದುಕೊಳ್ಳುತ್ತದಲ್ಲ, ಅದೇ ಕತೆ. ನಾಲ್ಕು ಹೆಜ್ಜೆ ಹಾಕಿದರೆ ಸಡಿಲ ಆಗುತ್ತದೆ.

ಮಲಗುವ ಭಂಗಿಯೂ ಇದೆ. ಬೋರಲು ಮಲಗಿದರೆ ಉಸಿರಾಡಲು ಕತ್ತು ತಿರುಗಿಸಲೇಬೇಕು, ಸೊಂಟ ಹಾಸಿಗೆಯೊಳಗೆ ಇಳಿಯುತ್ತದೆ. ಗಂಟೆಗಟ್ಟಲೆ ಹಾಗೇ ಇದ್ದರೆ ಕತ್ತಿಗೂ ಸೊಂಟಕ್ಕೂ ಕಷ್ಟ. ಮಗ್ಗುಲಾಗಿ ಮಲಗಿದಾಗ ಮೇಲಿನ ಕಾಲು ಮುಂದಕ್ಕೆ ಜಾರಿದರೆ ಸೊಂಟ ತಿರುಚಿಕೊಳ್ಳುತ್ತದೆ. ಗರ್ಭಿಣಿಯರಿಗೆ ಇದು ಚೆನ್ನಾಗಿ ಗೊತ್ತು.

ನಿದ್ದೆಯ ವಿಷಯ ಜನ ಮರೆಯುತ್ತಾರೆ. ಸರಿಯಾಗಿ ನಿದ್ದೆ ಬರದ ರಾತ್ರಿಯ ಮರುದಿನ ಅದೇ ನೋವು ಜಾಸ್ತಿ ಅನಿಸುತ್ತದೆ. ಮೆದುಳು ನೋವನ್ನು ತಗ್ಗಿಸುವ ಕೆಲಸ ಕೂಡ ಮಾಡುತ್ತದೆ, ನಿದ್ದೆಗೆಟ್ಟರೆ ಆ ಕೆಲಸ ಕೆಡುತ್ತದೆ. ನೋವಿದ್ದರೆ ನಿದ್ದೆ ಇಲ್ಲ, ನಿದ್ದೆ ಇಲ್ಲದಿದ್ದರೆ ನೋವು. ನನ್ನ ಹತ್ತಿರ ಬರುವ ಅನೇಕರ ಬೆನ್ನಿಗಿಂತ ಮೊದಲು ನಾನು ವಿಚಾರಿಸುವುದು ಅವರ ನಿದ್ದೆಯನ್ನು. ಕೆಲವರಿಗೆ ಸಿಟ್ಟು ಬರುತ್ತದೆ. ಬೆನ್ನು ತೋರಿಸಲು ಬಂದರೆ ರಾತ್ರಿ ಎಷ್ಟು ಗಂಟೆಗೆ ಫೋನ್ ಕೆಳಗಿಡುತ್ತೀರಿ ಅಂತ ಕೇಳುತ್ತಾರಲ್ಲ ಅಂತ.

ಗಡಿಯಾರ ನೋಡಿ ಹೇಳಿ

ಬೆಳಗಿನ ಬೆನ್ನುನೋವು ಅಂತ ಯಾರೇ ಬಂದರೂ ನಾನು ಕೇಳುವ ಮುಖ್ಯ ಪ್ರಶ್ನೆ ಒಂದೇ. ಎದ್ದ ಮೇಲೆ ಬಿಗಿತ ಎಷ್ಟು ಹೊತ್ತು ಇರುತ್ತದೆ?

"ಸುಮಾರು ಹೊತ್ತು" ಅಂತ ಉತ್ತರ ಬರುತ್ತದೆ. ಅದು ಸಾಲದು. ಒಂದು ವಾರ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಎದ್ದದ್ದು ಆರಕ್ಕೆ, ಬೆನ್ನು ಸಡಿಲ ಆದದ್ದು ಆರೂ ಕಾಲಿಗೆ. ಇಲ್ಲವೇ ಏಳೂವರೆಗೆ. ಈ ಎರಡು ಉತ್ತರಗಳ ನಡುವೆ ಬಹಳ ದೂರ ಇದೆ.

ಹತ್ತು, ಹದಿನೈದು, ಇಪ್ಪತ್ತು ನಿಮಿಷದಲ್ಲಿ ಸಡಿಲವಾಗುವ ಬೆನ್ನು ಸಾಮಾನ್ಯವಾಗಿ ನಾನು ಇಲ್ಲಿವರೆಗೆ ಹೇಳಿದ ಗುಂಪಿನದು. ತುಂಬಿದ ಡಿಸ್ಕ್, ಸೆಟೆದ ಕೀಲು, ಅಡ್ಡಾದಿಡ್ಡಿ ಮಲಗಿದ್ದು. ಹಿಂಸೆ ಹೌದು, ಅಪಾಯ ಅಲ್ಲ.

ಅರ್ಧ ಗಂಟೆಗಿಂತ ಹೆಚ್ಚು, ಒಂದೊಂದು ಸಲ ಒಂದು ಗಂಟೆ ದಾಟಿದರೂ ಬಿಡದ ಬಿಗಿತ ಬೇರೆ ಜಾತಿಯದು. ಅದರಲ್ಲೂ ನೋವು ಶುರುವಾದಾಗ ವಯಸ್ಸು 40–45ಕ್ಕಿಂತ ಕಡಿಮೆ ಇದ್ದರೆ. ಯಾವಾಗ ಶುರುವಾಯಿತು ಅಂತ ನೆನಪೇ ಇಲ್ಲದಷ್ಟು ಮೆಲ್ಲಗೆ ಬಂದಿದ್ದರೆ. ಮೂರು ತಿಂಗಳು ದಾಟಿದ್ದರೆ. ರಾತ್ರಿಯ ಎರಡನೇ ಅರ್ಧದಲ್ಲಿ, ಮೂರು ನಾಲ್ಕು ಗಂಟೆಗೆ ನೋವೇ ಎಬ್ಬಿಸಿ ಓಡಾಡಿಸುತ್ತಿದ್ದರೆ. ಒಮ್ಮೆ ಎಡ ಪೃಷ್ಠ, ಒಮ್ಮೆ ಬಲ ಪೃಷ್ಠ ನೋಯುತ್ತಿದ್ದರೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಶ್ರಾಂತಿ ತೆಗೆದುಕೊಂಡರೆ ಹೆಚ್ಚಾಗಿ, ಓಡಾಡಿದರೆ ಕಡಿಮೆಯಾಗುತ್ತಿದ್ದರೆ. ಇದು ಉರಿಯೂತದ ಬೆನ್ನುನೋವು ಇರಬಹುದು. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುವ ಕಾಯಿಲೆ ಈ ಗುಂಪಿನದೇ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಬೆನ್ನಿನ ಮತ್ತು ಸೊಂಟದ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಹಾಗೇ ಬಿಟ್ಟರೆ ಕೆಲವರಲ್ಲಿ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಈ ಕಾಯಿಲೆ ಪತ್ತೆಯಾಗಲು ವರ್ಷಗಟ್ಟಲೆ ತಡವಾಗುವುದು ಪ್ರಪಂಚದ ಎಲ್ಲಾ ಕಡೆ ಇದೆ. ಇಪ್ಪತ್ತಾರು ವಯಸ್ಸಿನ ಹುಡುಗನೊಬ್ಬ ಬಂದಿದ್ದ. ಮೂರು ವರ್ಷದಿಂದ ಬೆಳಗಿನ ನೋವು. ಆತ ತೋರಿಸಿದ ಕಡೆಯೆಲ್ಲ ಕುರ್ಚಿ ಸರಿಯಿಲ್ಲ, ರೆಸ್ಟ್ ಮಾಡಿ ಅಂದಿದ್ದರು. ಹುಡುಗ ಪಾಪ ರೆಸ್ಟ್ ಮಾಡಿದ್ದ. ರೆಸ್ಟ್ ಮಾಡಿದಷ್ಟೂ ಹೆಚ್ಚಾಗಿತ್ತು. "ಭಾನುವಾರ ಲೇಟಾಗಿ ಎದ್ದರೆ ಇಡೀ ದಿನ ಹಾಳು ಸರ್, ಸೋಮವಾರವೇ ವಾಸಿ" ಅಂದ. ನನಗೆ ಆ ಒಂದು ಮಾತು ಸಾಕಾಯಿತು. ನಡುವೆ ಒಮ್ಮೆ ಒಂದು ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದನಂತೆ. ಕಣ್ಣಿಗೂ ಬೆನ್ನಿಗೂ ನಂಟು ಇರಬಹುದು ಅಂತ ಅವನಿಗೆ ಹೊಳೆಯುವುದಾದರೂ ಹೇಗೆ? ಆದರೆ ನಂಟು ಇದೆ. ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆಗೂ, ಕೆಲವು ಕರುಳಿನ ಉರಿಯೂತಗಳಿಗೂ ಈ ಬೆನ್ನುನೋವಿನ ಜೊತೆ ನಂಟು ಇದೆ.

ಅವನನ್ನು ನಾನು ಕೀಲುವಾತದ ತಜ್ಞರ ಹತ್ತಿರ ಕಳಿಸಿದೆ. ಇದಕ್ಕೆ ಎಂಆರ್‌ಐ ಮಾಡುವಾಗ ಸೊಂಟದ ಕೆಳಗಿನ, ಪೃಷ್ಠದ ಹತ್ತಿರದ ಕೀಲುಗಳನ್ನು ನೋಡಬೇಕು. ಎಚ್‌ಎಲ್‌ಎ-ಬಿ27 ಅಂತ ಒಂದು ರಕ್ತಪರೀಕ್ಷೆ ಇದೆ. ಅದಕ್ಕೂ ಈ ಕಾಯಿಲೆಗೂ ಇರುವ ನಂಟು ಗೊತ್ತಾದದ್ದು 1973ರಲ್ಲಿ. ಆದರೆ ಅದು ಪಾಸಿಟಿವ್ ಬಂದ ಮಾತ್ರಕ್ಕೆ ಹೆದರಬೇಡಿ. ಆ ಗುಣ ಇರುವ ಹೆಚ್ಚಿನವರಿಗೆ ಜೀವಮಾನದಲ್ಲಿ ಈ ಕಾಯಿಲೆ ಬರುವುದೇ ಇಲ್ಲ. ಬಂದವರಿಗೂ ಈಗ ಒಳ್ಳೆಯ ಔಷಧಿಗಳಿವೆ. ಬೇಗ ಗೊತ್ತಾಗಬೇಕು, ಅಷ್ಟೇ.

ಇನ್ನು ಕೆಲವು ಲಕ್ಷಣ ಇದ್ದರೆ ನನ್ನಂಥವರ ಹತ್ತಿರ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಬೆನ್ನುನೋವಿನ ಜೊತೆ ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟುವುದು, ಕಾಲುಗಳ ಶಕ್ತಿ ಇಳಿಯುವುದು. ಇದಕ್ಕೆ ನಾಳೆ ಅನ್ನುವುದಿಲ್ಲ, ಅದೇ ದಿನ, ಅದೇ ಗಂಟೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಬೆನ್ನುನೋವು, ಬಿದ್ದ ಮೇಲೆ ಬಂದ ನೋವು, ಬಹಳ ದಿನ ಸ್ಟಿರಾಯ್ಡ್ ತೆಗೆದುಕೊಂಡವರ ನೋವು, ಹೇಗೆ ಮಲಗಿದರೂ ಕಡಿಮೆಯಾಗದ ನೋವು, ಇವನ್ನೂ ಡಾಕ್ಟರಿಗೆ ಬೇಗ ತೋರಿಸಿ.

ಮೊದಲ ಗಂಟೆ

ಈಗ ಪರಿಹಾರ. ಎಚ್ಚರವಾದ ತಕ್ಷಣ ಎದ್ದು ಕೂರಬೇಡಿ. ಅಲಾರಂ ಬಾರಿಸಿದ ಕೂಡಲೇ ಸಡನ್ನಾಗಿ ಸೊಂಟ ಮಡಚಿ ಮೇಲೇಳುತ್ತೇವಲ್ಲ, ಬೆಳಗಿನ ಬೆನ್ನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಅಂಗಾತ ಮಲಗಿ ಮಂಡಿ ಮಡಚಿ. ಪಾದ ಹಾಸಿಗೆ ಮೇಲೆ. ಎರಡೂ ಮಂಡಿ ಜೋಡಿಸಿ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ತೂಗಿ. ತೊಟ್ಟಿಲು ತೂಗಿದ ಹಾಗೆ, ಎಂಟು ಹತ್ತು ಸಲ. ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ಮಂಡಿಯನ್ನು ಎದೆಗೆ ಬಿಗಿಯಾಗಿ ತಬ್ಬಿಕೊಳ್ಳುವುದು ಕೆಲವರಿಗೆ ಹಿತ ಅನಿಸುತ್ತದೆ. ನನ್ನ ಮಟ್ಟಿಗೆ ಅದನ್ನು ಸಂಜೆಗೆ ಇಟ್ಟುಕೊಳ್ಳಿ ಅನ್ನುತ್ತೇನೆ.

ಆಮೇಲೆ ಏಳುವುದು. ಇದನ್ನು ಇಲ್ಲೇ ವೇದಿಕೆಯ ಬೆಂಚಿನ ಮೇಲೆ ಮಲಗಿ ತೋರಿಸಿದೆ. ಬರಹದಲ್ಲಿ ಹೇಳುವುದಾದರೆ ಹೀಗೆ. ಮಂಡಿ ಮಡಚಿದ ಹಾಗೇ ಇಡೀ ಮೈ ಒಟ್ಟಿಗೆ ಮಗ್ಗುಲಿಗೆ ಹೊರಳಿ. ಭುಜ ಒಂದು ಸಲ, ಸೊಂಟ ಇನ್ನೊಂದು ಸಲ ಅಲ್ಲ. ಮರದ ದಿಮ್ಮಿ ಉರುಳುವ ಹಾಗೆ. ಮಂಚದ ಅಂಚಿಗೆ ಬನ್ನಿ. ಎರಡೂ ಕಾಲನ್ನು ಕೆಳಕ್ಕೆ ಇಳಿಬಿಡಿ, ಅದೇ ಹೊತ್ತಿಗೆ ಮೊಣಕೈ ಮತ್ತು ಅಂಗೈ ಊರಿ ಮೈಯನ್ನು ಮೇಲೆ ತಳ್ಳಿ. ಕಾಲು ಇಳಿಯುವ ಭಾರವೇ ಮೈಯನ್ನು ಎತ್ತುತ್ತದೆ, ಸೊಂಟಕ್ಕೆ ಕೆಲಸವೇ ಇಲ್ಲ. ಕೂತು ಅರ್ಧ ನಿಮಿಷ ಉಸಿರಾಡಿ. ಮಂಚದ ಅಂಚಿಗೆ ಸರಿದು, ಪಾದ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಇಟ್ಟು, ತೊಡೆಯ ಬಲದಿಂದ ಎದ್ದು ನಿಲ್ಲಿ.

ನೆಲದ ಮೇಲೆ ಮಲಗುವವರಿಗೆ ಇನ್ನೊಂದು ಹೆಜ್ಜೆ ಇದೆ. ಮಗ್ಗುಲಿಗೆ ಹೊರಳಿದ ಮೇಲೆ ಅಂಬೆಗಾಲಿಗೆ ಬನ್ನಿ, ಒಂದು ಪಾದ ಮುಂದಿಡಿ, ಹತ್ತಿರ ಒಂದು ಕುರ್ಚಿ ಇಟ್ಟುಕೊಂಡು ಅದಕ್ಕೆ ಕೈ ಊರಿ ಏಳಿ.

ಎದ್ದ ಮೇಲೆ ಮುಖ ತೊಳೆಯಲು ಹೋಗುತ್ತೀರಿ. ಬೇಸಿನ್ ಹತ್ತಿರ ಬಹಳ ಸೊಂಟಗಳು ಹಿಡಿದುಕೊಳ್ಳುತ್ತವೆ. ಕಾಲು ನೆಟ್ಟಗೆ, ಸೊಂಟ ಮಾತ್ರ ಮಡಚಿ, ಎರಡೂ ಕೈ ಮುಖದ ಮೇಲೆ, ಕಣ್ಣಿನಲ್ಲಿ ಸೋಪು. ಆ ಭಂಗಿಯಲ್ಲಿ ಒಂದು ಸೀನು ಬಂತು ಅಂದರೆ ಮುಗಿಯಿತು. ಹಲ್ಲುಜ್ಜುವಾಗ ಒಂದು ಕೈ ಬೇಸಿನ್ ಅಂಚಿಗೆ ಊರಿ. ಮುಖ ತೊಳೆಯುವಾಗ ಒಂದು ಪಾದ ಸ್ವಲ್ಪ ಮುಂದಿಟ್ಟು, ಮಂಡಿ ಸಡಿಲ ಬಿಟ್ಟು, ಪೃಷ್ಠ ಹಿಂದಕ್ಕೆ ಹಾಕಿ ಬಾಗಿ. ಬಾಗುವುದು ತೊಡೆಯ ಬುಡದಿಂದ ಇರಲಿ, ಸೊಂಟದಿಂದ ಅಲ್ಲ. ಸೀನು ಬರುವ ಹಾಗಿದ್ದರೆ ನೆಟ್ಟಗೆ ನಿಂತು ಗೋಡೆಗೆ ಒಂದು ಕೈ ಕೊಡಿ.

ನೆಲ ಒರೆಸುವುದು, ಬಕೆಟ್ ಎತ್ತುವುದು, ಮಗುವನ್ನು ತೊಟ್ಟಿಲಿಂದ ಬಾಗಿ ಎತ್ತುವುದು, ಕಾಲ್ಬೆರಳು ಮುಟ್ಟುವ ವ್ಯಾಯಾಮ, ಇವೆಲ್ಲ ಎದ್ದ ಮೊದಲ ಗಂಟೆಯಲ್ಲಿ ಬೇಡ. ಮಗುವಿನ ವಿಷಯದಲ್ಲಿ ನಿಮಗೆ ಆಯ್ಕೆ ಇಲ್ಲ, ಗೊತ್ತು. ತೊಟ್ಟಿಲಿಗೆ ಹೊಟ್ಟೆ ತಾಗುವಷ್ಟು ಹತ್ತಿರ ನಿಂತು, ಮಂಡಿ ಬಗ್ಗಿಸಿ, ಮಗುವನ್ನು ಎದೆಗೆ ಒತ್ತಿಕೊಂಡೇ ಏಳಿ. ಜಿಮ್‌ಗೆ ಹೋಗುವವರು ಎದ್ದ ಕೂಡಲೇ ಭಾರ ಎತ್ತುವುದಕ್ಕಿಂತ ಒಂದು ಗಂಟೆ ತಡವಾಗಿ ಎತ್ತಿ.

ಇದು ನನ್ನ ತಲೆಯಿಂದ ಹುಟ್ಟಿದ ಸಲಹೆ ಅಲ್ಲ. ಬಹಳ ದಿನದಿಂದ ಸೊಂಟನೋವು ಇದ್ದವರಿಗೆ ಎದ್ದ ಮೊದಲ ಎರಡು ಗಂಟೆ ಮುಂದಕ್ಕೆ ಬಾಗಬೇಡಿ ಅಂತ ಕಲಿಸಿ ನೋಡಿದ ಒಂದು ಸಣ್ಣ ಅಧ್ಯಯನ 1998ರಲ್ಲಿ ಬಂತು. ನೋವಿನ ತೀವ್ರತೆಯೂ ನೋವಿನ ದಿನಗಳೂ ಕಡಿಮೆಯಾದವು. ಪವಾಡದಷ್ಟೇನೂ ಅಲ್ಲ. ಆದರೆ ಖರ್ಚಿಲ್ಲದ, ಗುಳಿಗೆ ಇಲ್ಲದ ಉಪಾಯಕ್ಕೆ ಇಷ್ಟು ಸಿಕ್ಕರೆ ಒಳ್ಳೆಯದೇ ಅಲ್ವಾ?

ಒಂದು ಎಚ್ಚರಿಕೆ. ಬಾಗಬೇಡಿ ಅಂದೆ ಅಂತ ಬೆನ್ನನ್ನು ಗಾಜಿನ ಸಾಮಾನು ಮಾಡಿಕೊಳ್ಳಬೇಡಿ. ಬೆನ್ನು ಇರುವುದೇ ಬಾಗುವುದಕ್ಕೆ. ನಾನು ಹೇಳಿದ್ದು ಬೆಳಗಿನ ಒಂದೆರಡು ಗಂಟೆಯ ಮಾತು. ಹನ್ನೊಂದು ಗಂಟೆಗೂ ಕೋಲಿನ ಹಾಗೆ ಸೆಟೆದು ನಡೆಯುವವರನ್ನು ನೋಡಿದ್ದೇನೆ. ಹೆದರಿಕೆಯಿಂದಲೇ ಅವರ ಮಾಂಸಖಂಡಗಳು ಬಿಗಿಯಾಗಿ ಇನ್ನಷ್ಟು ನೋವು.

ಹಾಸಿಗೆ, ನಡಿಗೆ, ಗುಳಿಗೆ

ಹಾಸಿಗೆ ಬಗ್ಗೆ ಕೇಳದೆ ಯಾರೂ ಬಿಡುವುದಿಲ್ಲ. ಬೆನ್ನುನೋವಿದ್ದರೆ ಹಲಗೆಯ ಮೇಲೆ ಮಲಗಿ ಅನ್ನುವ ಮಾತು ಹಳೆಯದು. 2003ರಲ್ಲಿ ಸ್ಪೇನ್‌ನಲ್ಲಿ ಇದನ್ನು ಪರೀಕ್ಷೆ ಮಾಡಿದರು. ಬಹಳ ದಿನದ ಸೊಂಟನೋವು ಇದ್ದ 313 ಜನ. ಅರ್ಧ ಜನಕ್ಕೆ ಗಟ್ಟಿ ಹಾಸಿಗೆ, ಅರ್ಧ ಜನಕ್ಕೆ ನಡುಮಟ್ಟದ ಗಟ್ಟಿ. ಯಾವುದು ಯಾರಿಗೆ ಅಂತ ಹೇಳಲಿಲ್ಲ. 90 ದಿನ ಕಳೆದ ಮೇಲೆ ನಡುಮಟ್ಟದ ಹಾಸಿಗೆಯವರೇ ಮೇಲಾಗಿದ್ದರು. ಮಲಗಿದಾಗಲೂ, ಏಳುವಾಗಲೂ ಅವರಿಗೆ ನೋವು ಕಡಿಮೆ. ಹಾಗಂತ ಇವತ್ತೇ ಹೊಸದು ಕೊಳ್ಳಬೇಕಿಲ್ಲ. ಮಗ್ಗುಲಾಗಿ ಮಲಗಿ ಯಾರಿಗಾದರೂ ಹಿಂದಿನಿಂದ ಒಂದು ಫೋಟೋ ತೆಗೆಯಲು ಹೇಳಿ. ಬೆನ್ನುಮೂಳೆ ಹೆಚ್ಚುಕಡಿಮೆ ನೇರ ಇದ್ದರೆ ಹಾಸಿಗೆ ಸರಿಯಿದೆ. ಸೊಂಟ ಹಳ್ಳಕ್ಕೆ ಬಿದ್ದಿದ್ದರೆ ಬದಲಿಸುವ ಕಾಲ ಬಂದಿದೆ. ಬೇರೆ ಕಡೆ ಹೋಗಿ ಮಲಗಿದಾಗ ಬೆಳಿಗ್ಗೆ ಹಾಯಾಗಿದ್ದರೆ, ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಂಗಾತ ಮಲಗುವವರು ಮಂಡಿಯ ಕೆಳಗೊಂದು ದಿಂಬು ಇಡಿ. ಮಗ್ಗುಲಾಗಿ ಮಲಗುವವರು ಎರಡು ಮಂಡಿಗಳ ನಡುವೆ ಇಡಿ. ಬೋರಲು ಮಲಗದೆ ನಿದ್ದೆಯೇ ಬರದವರು ಹೊಟ್ಟೆಯ ಕೆಳಗೆ ತೆಳ್ಳಗಿನ ದಿಂಬು ಇಟ್ಟು ನೋಡಿ.

ನೋವು ಬಂದ ದಿನ ಮಲಗಿಯೇ ಇರಬೇಕೇ? ಬೇಡ. 1995ರಲ್ಲಿ ಹೆಲ್ಸಿಂಕಿ ನಗರದ ನೌಕರರ ಮೇಲೆ ಒಂದು ಅಧ್ಯಯನ ಆಯಿತು. ಹೊಸದಾಗಿ ಸೊಂಟ ಹಿಡಿದವರಲ್ಲಿ ಕೆಲವರಿಗೆ ಎರಡು ದಿನ ಹಾಸಿಗೆ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಆಗುವಷ್ಟು ಮಾಮೂಲಿ ಓಡಾಟ. ಬೇಗ ಚೇತರಿಸಿಕೊಂಡವರು ಮಾಮೂಲಿ ಓಡಾಡಿದವರೇ. ನಾನೂ ಅವತ್ತು ಮಧ್ಯಾಹ್ನದ ಹೊತ್ತಿಗೆ ಗೋಡೆ ಹಿಡಿದು ಮನೆಯೊಳಗೆ ಸುತ್ತಿದೆ. ಬಿಸಿನೀರಿನ ಚೀಲದ ಶಾಖ ಕೊಟ್ಟುಕೊಂಡೆ. ಶಾಖ ಅಂದರೆ ಚರ್ಮ ಸುಡುವಷ್ಟಲ್ಲ, ಬಟ್ಟೆ ಸುತ್ತಿ 15–20 ನಿಮಿಷ. ನಾಲ್ಕನೇ ದಿನ ಕೆಲಸಕ್ಕೆ ಹೋದೆ.

ನಡಿಗೆಯ ಬಗ್ಗೆ 2024ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಒಳ್ಳೆಯ ಅಧ್ಯಯನ ಬಂತು. ಸೊಂಟನೋವು ಬಂದು ವಾಸಿಯಾಗಿದ್ದ 701 ಜನ. ಕೆಲವರಿಗೆ ಹಂತಹಂತವಾಗಿ ನಡೆಯುವ ಅಭ್ಯಾಸ ಮಾಡಿಸಿದರು, ವಾರದಲ್ಲಿ ಐದು ದಿನ ಅರ್ಧ ಗಂಟೆಯ ಗುರಿ. ಏನೂ ಮಾಡದವರಿಗೆ ಸುಮಾರು 112 ದಿನಕ್ಕೆ ನೋವು ಮರುಕಳಿಸಿದರೆ, ನಡೆದವರಿಗೆ ಅದು 208 ದಿನಕ್ಕೆ. ಬೆಳಗಿನ ಬೆನ್ನಿಗೂ ನಡಿಗೆ ಒಳ್ಳೆಯದೇ. ನಿಂತು ನಡೆದರೆ ತಾನೇ ಡಿಸ್ಕ್‌ನ ಹೆಚ್ಚುವರಿ ನೀರು ಇಳಿಯುವುದು?

ಗುಳಿಗೆ ಬಗ್ಗೆ ಎರಡೇ ಮಾತು. ಹೊಸ ಸೊಂಟನೋವಿಗೆ ಪ್ಯಾರಾಸಿಟಮಾಲ್‌ನಿಂದ ಬೇಗ ವಾಸಿಯಾಗುವುದಿಲ್ಲ ಅಂತ 2014ರ ಒಂದು ದೊಡ್ಡ ಪರೀಕ್ಷೆ ತೋರಿಸಿದೆ. ಬೇರೆ ನೋವಿನ ಗುಳಿಗೆಗಳು ಕೆಲಸ ಮಾಡುತ್ತವೆ, ಆದರೆ ಹೊಟ್ಟೆ, ಮೂತ್ರಪಿಂಡ, ಬಿಪಿ ಮೂರಕ್ಕೂ ತೊಂದರೆ ಕೊಡಬಲ್ಲವು. ಡಾಕ್ಟರನ್ನು ಕೇಳದೆ ದಿನಾ ನುಂಗಬೇಡಿ.

ಸಭಿಕರು ಕೇಳಿದ್ದು

ಹಿರಿಯರೊಬ್ಬರು ಎದ್ದು, "ನನ್ನ ಸ್ಕ್ಯಾನ್‌ನಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದಿದೆ, ಇನ್ನು ಬಾಳು ಇಷ್ಟೇನಾ?" ಅಂದರು. ಅವರಿಗೆ ಹೇಳಿದೆ: ಅಮೆರಿಕದಲ್ಲಿ 1994ರಲ್ಲಿ ಬೆನ್ನುನೋವೇ ಇಲ್ಲದ 98 ಜನಕ್ಕೆ ಸ್ಕ್ಯಾನ್ ಮಾಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ಸ್ಕ್ಯಾನ್‌ನಲ್ಲಿ ಕಂಡದ್ದೆಲ್ಲ ನೋವಿನ ಕಾರಣ ಅಲ್ಲ. ತಲೆಗೂದಲು ನೆರೆತ ಹಾಗೆ ಡಿಸ್ಕ್ ಕೂಡ ನೆರೆಯುತ್ತದೆ. ಕಾಲಿಗೆ ನೋವು ಇಳಿಯುತ್ತಿದೆಯಾ, ಕಾಲಿನ ಶಕ್ತಿ ಕಡಿಮೆಯಾಗಿದೆಯಾ ಅನ್ನುವುದು ಮುಖ್ಯ. ಅವರಿಗೆ ಎರಡೂ ಇರಲಿಲ್ಲ.

"ಜಾಸ್ತಿ ಹೊತ್ತು ಮಲಗಿದರೆ ನೋವು ಜಾಸ್ತಿ ಆಗುತ್ತದಾ?" ಅಂತ ಒಬ್ಬರು ಕೇಳಿದರು. ಆಗಬಹುದು. ಹತ್ತು ಗಂಟೆ ಹಾಸಿಗೆಯಲ್ಲಿದ್ದರೆ ಡಿಸ್ಕ್ ಹೀರುವ ಹೊತ್ತೂ ಜಾಸ್ತಿ, ಕೀಲು ಅಲ್ಲಾಡದ ಹೊತ್ತೂ ಜಾಸ್ತಿ. ಹಾಗಂತ ನಿದ್ದೆ ಕಡಿಮೆ ಮಾಡಬೇಡಿ. ನಿದ್ದೆ ಮುಗಿದ ಮೇಲೆ ಹಾಸಿಗೆಯಲ್ಲೇ ಹೊರಳಾಡುವುದನ್ನು ಕಡಿಮೆ ಮಾಡಿ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ಹಾಗಾದರೆ ಸಾಕ್ಸ್ ಹೇಗೆ ಹಾಕೋದು? ನಾನು ಎದ್ದ ಅರ್ಧ ಗಂಟೆಗೆ ಬಸ್ ಹಿಡಿಯಬೇಕು."

ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಒರಗಿ ಕೂತು, ಒಂದು ಕಾಲಿನ ಪಾದವನ್ನು ಇನ್ನೊಂದು ಕಾಲಿನ ಮಂಡಿಯ ಮೇಲೆ ತಂದು ಇಡಿ. ಪಾದ ಕೈಯ ಹತ್ತಿರ ಬರಬೇಕು, ಕೈ ಪಾದದ ಹತ್ತಿರ ಹೋಗಬಾರದು. ಕಾಲು ಅಷ್ಟು ಮಡಚಲಾಗದವರು ಮೆಟ್ಟಿಲಿನ ಎರಡನೇ ಹಂತದ ಮೇಲೆ ಪಾದ ಇಟ್ಟು ಹಾಕಿಕೊಳ್ಳಿ. ಅದೂ ಆಗದವರು ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿಯೇ, ಮಂಡಿ ಮಡಚಿ, ಪಾದವನ್ನು ಹಿಂದಿನಿಂದ ಕೈಗೆ ತಂದುಕೊಂಡು ಹಾಕಬಹುದು.

ನಾನಂತೂ ಈಗ ಸಾಕ್ಸ್ ಹಾಕುವುದು ಮನೆ ಬಿಡುವ ಹೊತ್ತಿಗೆ. ಅದಕ್ಕೇ ಅಂತ ಬಾಗಿಲ ಹತ್ತಿರ ಒಂದು ಕುರ್ಚಿ ಇಟ್ಟಿದ್ದೇನೆ.